ಅಪ್ಪ ಸ್ಟೀರಿಂಗ್ ಬಿಟ್ಟ ಮೇಲೆ: ದೂರದ ಊರಿನಲ್ಲಿರುವ ಮಕ್ಕಳಿಗೊಂದು ಬಹಿರಂಗ ಪತ್ರ



ನಿಮ್ಮ ತಂದೆತಾಯಿ ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಧಾರವಾಡದಲ್ಲೋ ಇದ್ದಾರೆ. ನೀವು ಬೆಂಗಳೂರಿನಲ್ಲಿ, ಪುಣೆಯಲ್ಲಿ, ಇಲ್ಲವೇ ನ್ಯೂಜೆರ್ಸಿಯಲ್ಲಿ. ಊರಿನ ಮನೆಯ ಪೋರ್ಟಿಕೋದಲ್ಲಿ ಅಪ್ಪನ ಕಾರು ನಿಂತಿದೆ. ಅವರು ಈಗ ಅದನ್ನು ಓಡಿಸುವುದಿಲ್ಲ. ಓಡಿಸಿದರೂ ಬೆಳಗಿನ ಹೊತ್ತು ದೇವಸ್ಥಾನದವರೆಗೆ, ತರಕಾರಿ ಅಂಗಡಿಯವರೆಗೆ, ಅಷ್ಟೇ. ವರ್ಷಕ್ಕೊಮ್ಮೆ ಇನ್ಶೂರೆನ್ಸ್ ಮುಗಿಯುವ ಮುನ್ನ ನಿಮ್ಮ ಫೋನಿಗೆ ಮೆಸೇಜ್ ಬರುತ್ತದೆ. ಕೂತಲ್ಲೇ ದುಡ್ಡು ಕಟ್ಟುತ್ತೀರಿ. ಒಂದು ಜವಾಬ್ದಾರಿ ತೀರಿತು ಅಂದುಕೊಳ್ಳುತ್ತೀರಿ. ಈ ಪತ್ರ ನಿಮಗೆ.

ಸಾಮಾನ್ಯ ವಿಮಾ ಕಂಪನಿಯೊಂದರ ಶಾಖೆಯಲ್ಲಿ ಮೋಟಾರು ವಿಭಾಗದ ಮೇಜಿನ ಹಿಂದೆ ಕೂತು ನಿವೃತ್ತನಾದವನು ನಾನು. ಕ್ಲೇಮ್ ಆಗುವುದಿಲ್ಲ ಎಂದಾಗಲೆಲ್ಲ ಎದುರಿಗೆ ಕೂತವರು ಕೇಳುತ್ತಿದ್ದ ಪ್ರಶ್ನೆ ಒಂದೇ: “ಪ್ರೀಮಿಯಂ ತಪ್ಪದೆ ಕಟ್ಟಿದ್ದೀವಲ್ಲ ಸಾರ್?” ಕಟ್ಟಿದ್ದು ನಿಜ. ಯಾರ ಹೆಸರಿನಲ್ಲಿ ಕಟ್ಟಿದ್ದು, ಆ ಹೆಸರಿನವರ ಲೈಸೆನ್ಸ್ ಯಾವತ್ತು ಮುಗಿದಿತ್ತು, ಗಾಡಿಯನ್ನು ಈಗ ಓಡಿಸುವವರು ಯಾರು ಎಂಬುದನ್ನು ಮಾತ್ರ ಯಾರೂ ನೋಡಿರುತ್ತಿರಲಿಲ್ಲ. ಅಪ್ಪ ಸ್ಟೀರಿಂಗ್ ಬಿಟ್ಟ ದಿನವೇ ಅವರ ಕಾರಿನ ಕಾಗದಪತ್ರಗಳು ಹಳತಾಗುತ್ತವೆ. ಅವನ್ನು ಸರಿಪಡಿಸಲು ಅಪ್ಪನ ಸಹಿಯೇ ಬೇಕು. ಆ ಸಹಿ ಹಾಕುವಷ್ಟು ಅವರು ಗಟ್ಟಿಯಾಗಿರುವಾಗಲೇ ಕೆಲಸ ಮುಗಿಸಿ ಎನ್ನುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿರುವವರಿಗೆ ಮೊದಲು ಒಂದು ಮಾತು. ಅಲ್ಲಿ ಮನೆಯಲ್ಲಿ ಯಾರ್ಯಾರು ಕಾರು ಓಡಿಸುತ್ತಾರೆಂದು ಪಟ್ಟಿ ಕೊಟ್ಟು ಪಾಲಿಸಿ ಪಡೆಯುವ ರೂಢಿ. ವಯಸ್ಸಾದವರು ಓಡಿಸುವುದನ್ನು ನಿಲ್ಲಿಸಿದರೆ ಪಟ್ಟಿಯಿಂದ ಅವರ ಹೆಸರು ತೆಗೆಸುವುದೇ ದೊಡ್ಡ ಕೆಲಸ. ನಮ್ಮಲ್ಲಿ ಅಂಥ ಪಟ್ಟಿಯಿಲ್ಲ. ಇಲ್ಲಿಯ ಖಾಸಗಿ ಕಾರಿನ ಪಾಲಿಸಿ ಗಾಡಿಯನ್ನೂ ಅದರ ಮಾಲೀಕರನ್ನೂ ನೋಡುತ್ತದೆ. ಮಾಲೀಕರ ಒಪ್ಪಿಗೆಯಿಂದ ಯಾರು ಓಡಿಸಿದರೂ ನಡೆಯುತ್ತದೆ. ಓಡಿಸುವವರ ಬಳಿ ಆ ದಿನಕ್ಕೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಅಷ್ಟೆ. ಹಾಗಾಗಿ ಇಲ್ಲಿ ಕೇಳಿಕೊಳ್ಳಬೇಕಾದದ್ದು ಎರಡೇ: ಆರ್‌ಸಿ ಯಾರ ಹೆಸರಿನಲ್ಲಿದೆ? ಲೈಸೆನ್ಸ್ ಯಾರದು, ಯಾವತ್ತಿನವರೆಗೆ?

ಲೈಸೆನ್ಸಿನಿಂದಲೇ ಶುರುಮಾಡೋಣ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯಂತೆ, 55 ವರ್ಷ ದಾಟಿದವರ ಖಾಸಗಿ ಲೈಸೆನ್ಸ್ ಪ್ರತಿ ಬಾರಿ ಐದು ವರ್ಷಕ್ಕಷ್ಟೇ ನವೀಕರಣವಾಗುತ್ತದೆ. 72ರಲ್ಲಿ ಮಾಡಿಸಿದ್ದರೆ 77ಕ್ಕೆ ಮುಗಿಯಿತು. ಮುಗಿದು ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ನವೀಕರಣ. ವರ್ಷ ದಾಟಿದರೆ ಮತ್ತೆ ಟ್ರ್ಯಾಕ್ ಮೇಲೆ ಓಡಿಸಿ ತೋರಿಸಬೇಕು. ಆ ಒಂದು ವರ್ಷ ಇರುವುದು ಅರ್ಜಿ ಹಾಕುವುದಕ್ಕೆ, ಗಾಡಿ ಓಡಿಸುವುದಕ್ಕಲ್ಲ. ಬಹಳಷ್ಟು ಹಿರಿಯರು ಇದನ್ನು ತಪ್ಪಾಗಿ ತಿಳಿದಿದ್ದಾರೆ. “ಇನ್ನೂ ವರ್ಷ ಟೈಮಿದೆ ಬಿಡಯ್ಯಾ” ಎಂದು ಮುಗಿದ ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡೇ ಮಾರ್ಕೆಟ್ಟಿಗೆ ಹೋಗಿ ಬರುತ್ತಾರೆ.

ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ಅದು ಫಾರಂ 1ಎ. ಕಣ್ಣು, ಕಿವಿ, ಕೈಕಾಲುಗಳನ್ನು ನೋಡಿ ವೈದ್ಯರು ಸಹಿ ಹಾಕಬೇಕೆಂಬುದು ಅದರ ಉದ್ದೇಶ. ಆರ್‌ಟಿಒ ಕಚೇರಿಯ ಸುತ್ತಮುತ್ತ ಅದು ಹೇಗೆ ಎರಡು ನಿಮಿಷದಲ್ಲಿ ಸಿಗುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು. ದಯವಿಟ್ಟು ಆ ದಾರಿ ಹಿಡಿಯಬೇಡಿ. ನಿಮ್ಮ ಮನೆಯವರನ್ನು ಬಲ್ಲ ಡಾಕ್ಟರ ಬಳಿಗೇ ಕರೆದುಕೊಂಡು ಹೋಗಿ. ಕಣ್ಣಿನ ಪೊರೆಯಿಂದ ರಾತ್ರಿ ಎದುರು ಬೆಳಕು ಕಣ್ಣಿಗೆ ಚೆಲ್ಲುವುದು, ಷುಗರಿನ ಮಾತ್ರೆಯಿಂದ ಇದ್ದಕ್ಕಿದ್ದಂತೆ ಸಕ್ಕರೆ ಇಳಿದು ತಲೆ ಸುತ್ತುವುದು, ಕುತ್ತಿಗೆ ಹಿಂದಕ್ಕೆ ತಿರುಗದಿರುವುದು, ನಿದ್ದೆ ಮಾತ್ರೆಯ ಮಂಕು, ಕೈ ನಡುಕ, ಗೊತ್ತಿದ್ದ ದಾರಿ ಮರೆಯುವುದು, ಇವೆಲ್ಲ ಅವರಿಗೆ ಗೊತ್ತಿರುತ್ತವೆ. ಡಾಕ್ಟರು “ಇನ್ನು ಬೇಡ ರಾಯರೇ” ಎಂದರೆ ಅಪ್ಪ ಒಪ್ಪುತ್ತಾರೆ. ಅದೇ ಮಾತನ್ನು ಮಗ ಹೇಳಿದರೆ ಆ ದಿನದ ಊಟ ಕೆಡುತ್ತದೆ. ಲೈಸೆನ್ಸ್ ಅರ್ಜಿಯ ಜೊತೆ ಕೊಡುವ ಸ್ವಯಂಘೋಷಣೆಯಲ್ಲಿ ಒಂದು ಪ್ರಶ್ನೆಯಿದೆ: ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಲು ಆಗುತ್ತದೆಯೇ? ಈ ಪರೀಕ್ಷೆಯನ್ನು ಗೇಟಿನ ಮುಂದೆ ನಿಂತು ಅಪ್ಪನೇ ಮಾಡಿಕೊಳ್ಳಬಹುದು. ಉತ್ತರ ಅವರಿಗೇ ಸಿಗುತ್ತದೆ.

ಮುಗಿದ ಲೈಸೆನ್ಸಿನಲ್ಲಿ ಓಡಿಸುವಾಗ ಅಪಘಾತವಾದರೆ ಏನಾಗುತ್ತದೆ? ಎರಡು ಲೆಕ್ಕ ಬೇರೆ ಬೇರೆ. ನಿಮ್ಮ ಕಾರಿಗಾದ ಹಾನಿಯನ್ನು ಕಂಪನಿ ಕೊಡುವುದಿಲ್ಲ ಎಂದೇ ಇಟ್ಟುಕೊಳ್ಳಿ. ಇನ್ನು ಎದುರಿನ ಬೈಕ್ ಸವಾರನಿಗೋ ದಾರಿಹೋಕನಿಗೋ ಪೆಟ್ಟಾಗಿದ್ದರೆ ಪ್ರಕರಣ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತದೆ. ಸುಪ್ರೀಂ ಕೋರ್ಟ್ 2004ರಲ್ಲಿ ಹಾಕಿಕೊಟ್ಟ ದಾರಿಯಂತೆ ಪೆಟ್ಟು ತಿಂದವರಿಗೆ ಕಂಪನಿ ಮೊದಲು ಪರಿಹಾರ ಕೊಡುತ್ತದೆ. ಮಾಲೀಕರು ಷರತ್ತು ಮೀರಿದ್ದು ಸಾಬೀತಾದರೆ ಆ ಹಣವನ್ನು ಅವರಿಂದ ವಸೂಲಿ ಮಾಡಿಕೊಳ್ಳುತ್ತದೆ. ಸಾವು, ಗಾಯಗಳ ಪರಿಹಾರಕ್ಕೆ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಮೇಲ್ಮಿತಿ ಇಲ್ಲ. ಅಂದರೆ ವಸೂಲಿಗೂ ಇಷ್ಟೇ ಎಂಬ ಗೆರೆ ಇಲ್ಲ. ಜೀವಮಾನವಿಡೀ ಕೂಡಿಟ್ಟದ್ದು ಒಂದು ಬೆಳಗಿನ ತರಕಾರಿ ಸುತ್ತಿಗೆ ಹೋಗಬಹುದು.

ಈಗ ನಿಮ್ಮ ಕೈಯಲ್ಲಿರುವ ಪಾಲಿಸಿಯನ್ನೇ ತೆರೆದು ನೋಡಿ. ಪ್ರೀಮಿಯಂ ವಿವರದಲ್ಲಿ ‘ಪಿಎ ಕವರ್ ಫಾರ್ ಓನರ್-ಡ್ರೈವರ್’ ಎಂಬ ಸಾಲಿರುತ್ತದೆ. ಮಾಲೀಕರೇ ಓಡಿಸುವಾಗ ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವಿಕಲರಾದರೆ ಸಿಗುವ ₹15 ಲಕ್ಷದವರೆಗಿನ ರಕ್ಷಣೆ ಇದು. 2018ರಲ್ಲಿ ಈ ಮೊತ್ತ ಕಡ್ಡಾಯವಾದಾಗ ವರ್ಷಕ್ಕೆ ₹750 ಎಂದು ದರ ನಿಗದಿಯಾಗಿತ್ತು. ಈಗ ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿದೆ. ಆದರೆ ಮಾಲೀಕರ ಬಳಿ ಚಾಲ್ತಿ ಲೈಸೆನ್ಸ್ ಇಲ್ಲದಿದ್ದರೆ ಈ ಕವರ್ ಕೊಡುವಂತೆಯೇ ಇಲ್ಲ, ಅದಕ್ಕಾಗಿ ಹಣ ತೆಗೆದುಕೊಳ್ಳುವಂತೆಯೂ ಇಲ್ಲ. ಲೈಸೆನ್ಸ್ ಮುಗಿದು ಎಷ್ಟೋ ಕಾಲವಾದ ಅಪ್ಪನ ಹೆಸರಿನಲ್ಲಿ ಈ ಸಾಲಿನ ದುಡ್ಡು ಕಟ್ಟುತ್ತ ಬಂದಿರುವ ಮನೆಗಳು ಬೇಕಾದಷ್ಟಿವೆ. ಆನ್‌ಲೈನಿನಲ್ಲಿ ‘ನನಗೆ ಚಾಲ್ತಿ ಲೈಸೆನ್ಸ್ ಇದೆ’ ಎಂಬ ಚೌಕಕ್ಕೆ ಟಿಕ್ ಹಾಕಿದವರು ನೀವೇ. ಅದು ಸುಳ್ಳು ಘೋಷಣೆ.

ಹಾಗಾದರೆ ಹಬ್ಬಕ್ಕೆ ಬಂದ ಮಗ ಅಪ್ಪನ ಕಾರು ತೆಗೆದುಕೊಂಡು ಧರ್ಮಸ್ಥಳಕ್ಕೆ ಹೊರಟರೆ? ಲೈಸೆನ್ಸ್ ಇದ್ದರೆ ಕಾರಿಗೂ ಮೂರನೆಯವರಿಗೂ ರಕ್ಷಣೆ ಇದೆ. ಓಡಿಸುವ ಮಗನಿಗೆ? ಓನರ್-ಡ್ರೈವರ್ ಕವರ್ ಅವನಿಗೆ ಸಲ್ಲುವುದಿಲ್ಲ, ಏಕೆಂದರೆ ಅವನು ಮಾಲೀಕನಲ್ಲ. ಮೂರನೆಯವನು ಎಂದು ಪರಿಹಾರ ಕೇಳಲೂ ಬರುವುದಿಲ್ಲ. ಮಾಲೀಕರಿಂದ ಗಾಡಿ ಕೇಳಿ ಪಡೆದು ಓಡಿಸುವವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ, ಕರ್ನಾಟಕದಿಂದಲೇ ಹೋದ ಒಂದು ಬೈಕ್ ಅಪಘಾತದ ಪ್ರಕರಣದಲ್ಲಿ ಹೇಳಿದೆ. ಹೀಗೆ ಎರಡೂ ಕಡೆಯಿಂದ ಹೊರಗುಳಿಯುವವನು ಸ್ಟೀರಿಂಗ್ ಹಿಂದೆ ಕೂತ ಮಗನೇ. ಇದಕ್ಕೆ ಪರಿಹಾರ ಸುಲಭ: ಮಗನ ಹೆಸರಿನಲ್ಲಿ ಪ್ರತ್ಯೇಕ ವೈಯಕ್ತಿಕ ಅಪಘಾತ ಪಾಲಿಸಿ, ಅಥವಾ ಅಪ್ಪನ ಪಾಲಿಸಿಯಲ್ಲೇ ಹೆಸರಿಸಿದ ವ್ಯಕ್ತಿಗೆ ಪಿಎ ಕವರ್. ತಿಂಗಳ ಸಂಬಳಕ್ಕೆ ಡ್ರೈವರ್ ಇಟ್ಟಿದ್ದರೆ ಸಂಬಳದ ಡ್ರೈವರನ ಹೊಣೆಗಾರಿಕೆಯ ಕವರ್ ಇದೆಯೇ ನೋಡಿ. ಅದರ ಪ್ರೀಮಿಯಂ ಒಂದು ಹೊತ್ತಿನ ತಿಂಡಿಯ ದುಡ್ಡಿಗಿಂತ ಹೆಚ್ಚಿಲ್ಲ, ಆದರೂ ಎಷ್ಟೋ ಪಾಲಿಸಿಗಳಲ್ಲಿ ಇರುವುದಿಲ್ಲ. ಡ್ರೈವರನ ಲೈಸೆನ್ಸಿನ ಫೋಟೋ ತೆಗೆದಿಟ್ಟುಕೊಳ್ಳಿ. ಮುಗಿಯುವ ತಾರೀಖನ್ನು ನೆನಪಿಡಬೇಕಾದವರು ಮಾಲೀಕರೇ.

ಇಷ್ಟೆಲ್ಲ ಸರ್ಕಸ್ ಬೇಡ ಎನ್ನುವವರಿಗೆ ಸರಿಯಾದ ದಾರಿ ಹೆಸರು ವರ್ಗಾವಣೆ. ಫಾರಂ 29 ಮತ್ತು 30, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ, ಇಬ್ಬರ ಗುರುತಿನ ದಾಖಲೆ. ಯಾವುದೋ ಕಾಲದಲ್ಲಿ ತೀರಿಸಿದ ಕಾರ್ ಲೋನಿನ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಹಾಗೇ ಉಳಿದಿದ್ದರೆ ಮೊದಲು ಬ್ಯಾಂಕಿನ ಎನ್‌ಒಸಿ, ಫಾರಂ 35 ಕೊಟ್ಟು ಅದನ್ನು ತೆಗೆಸಿ. ಆರ್‌ಸಿ ಬದಲಾದ ಮೇಲೆ ಪಾಲಿಸಿ ತಾನಾಗಿ ಪೂರ್ತಿ ಬದಲಾಗುವುದಿಲ್ಲ. ಥರ್ಡ್ ಪಾರ್ಟಿ ಭಾಗ ಕಾನೂನಿನಂತೆ ಹೊಸ ಮಾಲೀಕರ ಹಿಂದೆ ಬರುತ್ತದೆ. ಕಾರಿನ ಹಾನಿಯ ಭಾಗ ಬರಬೇಕಾದರೆ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು.

ಇಲ್ಲಿ ಎಲ್ಲರೂ ತಡೆದು ನಿಲ್ಲುವುದು ಎನ್‌ಸಿಬಿ ಎಂಬ ಬೋನಸ್ಸಿನ ಹತ್ತಿರ. ಕ್ಲೇಮ್ ಮಾಡದ ಪ್ರತಿ ವರ್ಷಕ್ಕೂ ಏರುತ್ತ ಶೇಕಡಾ 20, 25, 35, 45, ಕೊನೆಗೆ 50ರವರೆಗೆ ಹೋಗುವ ರಿಯಾಯಿತಿ ಅದು. ಅಪ್ಪನಂಥ ಎಚ್ಚರಿಕೆಯ ಚಾಲಕರು 50ರಲ್ಲಿರುತ್ತಾರೆ. ಈ ರಿಯಾಯಿತಿ ಸಿಕ್ಕಿದ್ದು ಅಪ್ಪನಿಗೆ, ಕಾರಿಗಲ್ಲ. ಮಗನ ಹೆಸರಿಗೆ ಕಾರು ಬಂದರೆ ಎನ್‌ಸಿಬಿ ಬರುವುದಿಲ್ಲ; ಉಳಿದ ಅವಧಿಯ ವ್ಯತ್ಯಾಸವನ್ನು ಕಂಪನಿ ಕೇಳುತ್ತದೆ. ರಿಯಾಯಿತಿ ಇರುವುದು ಕಾರಿನ ಹಾನಿಯ ಪ್ರೀಮಿಯಂ ಮೇಲೆ ಮಾತ್ರ, ಥರ್ಡ್ ಪಾರ್ಟಿಯ ಮೇಲಲ್ಲ. ಹಳೆಯ ಕಾರಿಗೆ ಅದು ವರ್ಷಕ್ಕೆ ಕೆಲವು ಸಾವಿರ ರೂಪಾಯಿ. ಆ ಕೆಲವು ಸಾವಿರ ಉಳಿಸಲು ಹೋಗಿ ಇಡೀ ಪಾಲಿಸಿಯನ್ನೇ ಅನುಮಾನಕ್ಕೆ ತಳ್ಳುವುದು ಜಾಣತನವಲ್ಲ. ಅಪ್ಪ ಕಾರನ್ನು ಹೊರಗಿನವರಿಗೆ ಮಾರಿದರೆ ಎನ್‌ಸಿಬಿಯ ಪತ್ರ ಪಡೆದಿಟ್ಟುಕೊಳ್ಳಬಹುದು. ಮೂರು ವರ್ಷದೊಳಗೆ ತಮ್ಮದೇ ಹೆಸರಿನಲ್ಲಿ ಬೇರೆ ಕಾರು ಕೊಂಡರೆ ಬಳಸಿಕೊಳ್ಳಬಹುದು.

ಮಾರುವುದೋ ಕೊಡುವುದೋ, ಆರ್‌ಸಿ ಬದಲಾಗುವವರೆಗೆ ಕೀ ಕೊಡಬೇಡಿ. “ನಿಮ್ಮ ಅಕ್ಕನ ಮಗ ಇಟ್ಟುಕೊಂಡಿದ್ದಾನೆ, ಓಡಾಡಿಕೊಳ್ಳಲಿ ಬಿಡು” ಎಂದು ಅಪ್ಪ ಉದಾರವಾಗಿ ಹೇಳುತ್ತಾರೆ. ಆ ಹುಡುಗ ಇನ್ಶೂರೆನ್ಸ್ ಕಟ್ಟದೆ ಓಡಾಡಿ ಯಾರಿಗೋ ಗುದ್ದಿದರೆ ನೋಟಿಸ್ ಬರುವುದು ಅಪ್ಪನ ವಿಳಾಸಕ್ಕೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಕೈ ಬದಲಾಗಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ.

ಇನ್ನೊಂದು ವಿಷಯ, ಮಾತಾಡಲು ಯಾರಿಗೂ ಇಷ್ಟವಿಲ್ಲದ್ದು. ಅಪ್ಪ ತೀರಿಕೊಂಡು ಎಷ್ಟೋ ಕಾಲವಾಗಿದ್ದರೂ ಅವರ ಹೆಸರಿನಲ್ಲೇ ಪಾಲಿಸಿ ನವೀಕರಣ ಆಗುತ್ತಿರುವ ಮನೆಗಳಿವೆ. ಅಮ್ಮನಿಗೆ ಅದು ಗೊತ್ತಿಲ್ಲ, ಏಜೆಂಟನಿಗೆ ಬೇಕಿಲ್ಲ, ಮಕ್ಕಳಿಗೆ ಪುರುಸೊತ್ತಿಲ್ಲ. ಮಾಲೀಕರು ತೀರಿಕೊಂಡರೆ ಪಾಲಿಸಿ ಕೂಡಲೇ ಸಾಯುವುದಿಲ್ಲ. ಮೂರು ತಿಂಗಳು, ಅಥವಾ ಪಾಲಿಸಿ ಮುಗಿಯುವ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ಅದು ನಡೆಯುತ್ತದೆ. ಆರ್‌ಟಿಒಗೆ 30 ದಿನದಲ್ಲಿ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. ಇದೊಂದು ಸಂದರ್ಭದಲ್ಲಿ ಮಾತ್ರ ಎನ್‌ಸಿಬಿ ಹೆಂಡತಿಗೆ, ಮಕ್ಕಳಿಗೆ ಬರುತ್ತದೆ. ಬದುಕಿರುವಾಗ ಪ್ರೀತಿಯಿಂದ ಕೊಟ್ಟರೆ ಇಲ್ಲ, ಸತ್ತ ಮೇಲೆ ಇದೆ; ನಿಯಮ ಹಾಗಿದೆ. ಈಗ ಆರ್‌ಸಿಯಲ್ಲಿ ನಾಮಿನಿ ಹೆಸರು ಸೇರಿಸಲು ಅವಕಾಶವಿದೆ, 2021ರಿಂದ. ಹೆಸರು ವರ್ಗಾವಣೆಗೆ ಅಪ್ಪ ಒಪ್ಪದಿದ್ದರೆ ಇದಕ್ಕಾದರೂ ಒಪ್ಪಿಸಿ.

ಸಾವಿಗಿಂತ ಕಷ್ಟದ್ದು ಮರೆವು. ಅಪ್ಪನಿಗೆ ಡಿಮೆನ್ಷಿಯಾ ಬಲಿತ ಮೇಲೆ ಫಾರಂ 29ಕ್ಕೆ ಅವರಿಂದ ಸಹಿ ಹಾಕಿಸುವುದು ಕಾನೂನಿಗೂ ಸರಿಯಲ್ಲ, ಮನಸ್ಸಿಗೂ ಒಪ್ಪುವುದಿಲ್ಲ. ಮುಂಚೆಯೇ ಬರೆಸಿಟ್ಟ ಪವರ್ ಆಫ್ ಅಟಾರ್ನಿ ಇದೆಯಲ್ಲ ಎನ್ನುತ್ತೀರಾ? ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ನಮ್ಮ ಕರಾರು ಕಾಯ್ದೆಯಂತೆ ಅದರ ಬಲ ಅಲ್ಲಿಗೇ ಮುಗಿಯುತ್ತದೆ. ಆಗ ಆ ಕಾರನ್ನು ಸುಲಭವಾಗಿ ಮಾರಲಾಗದು, ಕೊಡಲಾಗದು. ಈಗಲೇ ಸಹಿ ಹಾಕಿಸಿ ಎಂದು ಪತ್ರದ ಆರಂಭದಲ್ಲೇ ಒತ್ತಿ ಹೇಳಿದ್ದು ಇದಕ್ಕೇ.

ಕಾರು ಓಡುವುದೇ ಇಲ್ಲ, ನಿಂತಲ್ಲೇ ಇರುತ್ತದೆ, ಇನ್ಶೂರೆನ್ಸ್ ಏಕೆ ಎಂದು ಕೇಳುವವರಿದ್ದಾರೆ. ಸಾರ್ವಜನಿಕ ಸ್ಥಳದಲ್ಲಿ ಬಳಸುವ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಇಲ್ಲದಿದ್ದರೆ ಕಾಯ್ದೆಯಲ್ಲಿ ಮೊದಲ ಬಾರಿಗೆ ₹2,000 ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ ₹4,000. ಗೇಟಿನೊಳಗೆ ಜಾಗವಿಲ್ಲದೆ ರಸ್ತೆ ಬದಿ ನಿಲ್ಲಿಸಿದ್ದರೆ ಅದು ಸಾರ್ವಜನಿಕ ಸ್ಥಳವೇ. ನಿಂತ ವಾಹನವೂ ಬಳಕೆಯಲ್ಲಿರುವ ವಾಹನವೇ ಆಗಬಹುದೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 1,000 ಸಿಸಿವರೆಗಿನ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ ₹2,094, 1,500 ಸಿಸಿವರೆಗೆ ₹3,416. ಇದನ್ನು ಯಾವ ಕಾರಣಕ್ಕೂ ಬಿಡಬೇಡಿ.

ಉಳಿತಾಯ ಮಾಡಬಹುದಾದದ್ದು ಕಾರಿನ ಹಾನಿಯ ಭಾಗದಲ್ಲಿ. ನಿಂತ ಕಾರಿಗೂ ಕಳ್ಳತನ, ಬೆಂಕಿ, ಮಳೆ ನೀರು, ಮೇಲೆ ಬೀಳುವ ತೆಂಗಿನಕಾಯಿಯ ಭಯ ಇದ್ದೇ ಇದೆ. ಮಳೆ ನೀರು, ತೆಂಗಿನಕಾಯಿಗೂ ರಕ್ಷಣೆ ಬೇಕಾದರೆ ಫುಲ್ ಇನ್ಶೂರೆನ್ಸೇ ಬೇಕು; ಬೆಂಕಿ, ಕಳ್ಳತನಕ್ಕಷ್ಟೇ ಸಾಕಾದರೆ ಥರ್ಡ್ ಪಾರ್ಟಿ ಜೊತೆ ಅವೆರಡಕ್ಕಷ್ಟೇ ಇರುವ ಪಾಲಿಸಿ ಕೇಳಿ. ಡ್ರೈವರ್ ಕರೆಸಿ ತಿಂಗಳಿಗೆ ಒಂದೆರಡು ಸಲ ಆಸ್ಪತ್ರೆಗೆ ಹೋಗುವವರು ‘ಪೇ ಆ್ಯಸ್ ಯು ಡ್ರೈವ್’ ಸೌಲಭ್ಯ ಕೇಳಿ. ಓಡಿಸಿದ ಕಿಲೋಮೀಟರಿಗೆ ತಕ್ಕ ಪ್ರೀಮಿಯಂ ಅದು. ವಿಮಾ ನಿಯಂತ್ರಣ ಪ್ರಾಧಿಕಾರ ಇದಕ್ಕೆ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿದೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಎನ್‌ಸಿಬಿ ಪೂರ್ತಿ ಹೋಗುತ್ತದೆ ಎಂಬುದೂ ನೆನಪಿರಲಿ. ನೋಂದಣಿಯಾಗಿ 15 ವರ್ಷ ಸಮೀಪಿಸಿದ ಕಾರಾದರೆ ಮತ್ತೆ ಫಿಟ್‌ನೆಸ್, ಮರುನೋಂದಣಿ, ಹಸಿರು ತೆರಿಗೆ ಎಂದು ಖರ್ಚು ಎದುರಿಗಿದೆ. ಅಂಥ ಕಾರನ್ನು ಮಾರುವುದೇ ಲೇಸು.

ಆದರೆ ಮಾರಿ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಬೇಡಿ. ಕಾರು ಬಿಟ್ಟುಕೊಡುವಾಗ ಅಪ್ಪನಿಗಿರುವ ಭಯ ಅದರ ಬೆಲೆಯದ್ದಲ್ಲ. ರಾತ್ರಿ ಹೊತ್ತು ನಿಮ್ಮ ಅಮ್ಮನಿಗೆ ಎದೆ ನೋವು ಬಂದರೆ ಯಾರನ್ನು ಕರೆಯಲಿ, ಮದುವೆ ಮನೆಗೆ ಯಾರ ಕಾರಿನ ಹಿಂದಿನ ಸೀಟಿಗೆ ಕಾಯಲಿ ಎಂಬ ಭಯ ಅದು. ಕಾರಿಗೆ ವರ್ಷಕ್ಕೆ ತಗಲುವ ಪ್ರೀಮಿಯಂ, ಸರ್ವಿಸ್, ಬ್ಯಾಟರಿ, ಇಲಿ ಕಡಿದ ವೈರಿನ ಖರ್ಚನ್ನೆಲ್ಲ ಕೂಡಿಸಿ. ಆ ಮೊತ್ತವನ್ನು ಅಪ್ಪನದೇ ಖಾತೆಗೆ ತಿಂಗಳ ಲೆಕ್ಕದಲ್ಲಿ ಓಡಾಟದ ದುಡ್ಡು ಎಂದು ಹಾಕಿ. ನಂಬಿಕಸ್ತ ಆಟೋದವರ, ಆಕ್ಟಿಂಗ್ ಡ್ರೈವರನ ನಂಬರ್ ಗೋಡೆಯ ಕ್ಯಾಲೆಂಡರ್ ಮೇಲೆ ದೊಡ್ಡಕ್ಷರದಲ್ಲಿ ಬರೆದಿಡಿ, ಅವರನ್ನು ಒಮ್ಮೆ ಮನೆಗೆ ಕರೆಸಿ ಪರಿಚಯ ಮಾಡಿಸಿ. ಸರ್ಕಾರಿ ಬಸ್ಸಿನಲ್ಲಿ ಅಮ್ಮನಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣವಿದೆ, ಅಪ್ಪನಿಗೆ ಹಿರಿಯ ನಾಗರಿಕರ ಶೇಕಡಾ 25 ರಿಯಾಯಿತಿ ಇದೆ. ಅಪ್ಪ ಆಟೋಗೆ ಖರ್ಚು ಮಾಡಿದ್ದಕ್ಕೆ ಲೆಕ್ಕ ಕೇಳಬೇಡಿ. ಪೆಟ್ರೋಲಿಗೆ ಅವರು ಯಾರಿಗೂ ಲೆಕ್ಕ ಕೊಟ್ಟವರಲ್ಲ.

ತೀರ್ಮಾನ ಅಪ್ಪನದೇ ಆಗಿರಲಿ. ಕಾರು ಅವರದು, ಹೆಸರು ಅವರದು, ಸಹಿ ಅವರದು. ಅವರಿಗೆ ಗೊತ್ತಿಲ್ಲದಂತೆ ಕೀ ಬಚ್ಚಿಡುವುದು, ಬ್ಯಾಟರಿ ವೈರ್ ಕಳಚುವುದು, ಮೆಕ್ಯಾನಿಕ್‌ಗೆ ಹೇಳಿಕೊಟ್ಟು ‘ರಿಪೇರಿಯಾಗಲ್ಲ’ ಅನ್ನಿಸುವುದು ಎಲ್ಲ ಮಕ್ಕಳಾಟ. ಮರೆವಿನ ಕಾಯಿಲೆ ಇಲ್ಲದ ಮನುಷ್ಯನಿಗೆ ಇದು ಅವಮಾನ. ಎದುರು ಕೂತು, ಪಾಲಿಸಿ ತೆರೆದು, ಯಾವ ಸಾಲು ಅವರಿಗೆ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂದು ತೋರಿಸಿ. ಬ್ಯಾಂಕಿನಲ್ಲೋ ಶಾಲೆಯಲ್ಲೋ ಕಚೇರಿಯಲ್ಲೋ ಆಯುಷ್ಯವೆಲ್ಲ ಕಾಗದಪತ್ರ ನೋಡಿದವರು ಅವರು. ಭಾವನೆಯ ಮಾತಿಗೆ ಜಗ್ಗದವರು ಕಾಗದದ ಮಾತಿಗೆ ಒಪ್ಪುವುದನ್ನು ನಾನು ಮೇಜಿನ ಈಚೆಯಿಂದ ಎಷ್ಟೋ ಸಲ ಕಂಡಿದ್ದೇನೆ.

ಕೊನೆಯದಾಗಿ ನನ್ನ ವಿನಂತಿ. ಮುಂದಿನ ಸಲ ಊರಿಗೆ ಹೋದಾಗ ಮೂರು ತಾರೀಖು ಬರೆದುಕೊಳ್ಳಿ: ಅಪ್ಪನ ಲೈಸೆನ್ಸ್ ಮುಗಿಯುವ ದಿನ, ಆರ್‌ಸಿ ಮುಗಿಯುವ ದಿನ, ಪಾಲಿಸಿ ಮುಗಿಯುವ ದಿನ. ಕಾರು ಈಚಿನದಾದರೆ ಥರ್ಡ್ ಪಾರ್ಟಿಗೂ ಕಾರಿನ ಹಾನಿಗೂ ಬೇರೆ ಬೇರೆ ತಾರೀಖು ಇರಬಹುದು, ಎರಡನ್ನೂ ನೋಡಿ. ಲೈಸೆನ್ಸ್ ಮುಗಿದಿದ್ದರೆ ಮುಂದಿನ ನವೀಕರಣಕ್ಕೆ ದುಡ್ಡು ಕಟ್ಟುವ ಮೊದಲು ಕಂಪನಿಗೆ ಬರೆದು ತಿಳಿಸಿ, ಓನರ್-ಡ್ರೈವರ್ ಸಾಲು ತೆಗೆಸಿ. ಓಡಿಸುವವರು ಬೇರೆಯಾದರೆ ಆರ್‌ಸಿಯನ್ನು ಅವರ ಹೆಸರಿಗೆ ಮಾಡಿಸಿ. ಯಾರೂ ಓಡಿಸುವುದಿಲ್ಲವಾದರೆ ಮಾರಿ. ಈ ಮೂರರಲ್ಲಿ ಯಾವುದನ್ನೂ ಮಾಡದೆ ಪ್ರತಿ ವರ್ಷ ಮೆಸೇಜ್ ಬಂದ ಕೂಡಲೇ ದುಡ್ಡು ಕಟ್ಟುವುದಕ್ಕೆ ವಿಮೆ ಎಂಬ ಹೆಸರು ಸಲ್ಲದು.

ಇಂತಿ ನಿಮ್ಮ ಹಿತೈಷಿ,
ಒಬ್ಬ ನಿವೃತ್ತ ವಿಮಾ ನೌಕರ